ನಾಗರಹೊಳೆ ರಾಷ್ಟ್ರೀಯ ಉದ್ಯಾನ

ಮೈಸೂರು ಮತ್ತು ಕೊಡಗು ಜಿಲ್ಲೆಗಳಲ್ಲಿ, ಬ್ರಹ್ಮಗಿರಿಯ ತಪ್ಪಲಿನ ಕಡೆಯಿಂದ ಕಬಿನಿ ಹಿನ್ನೀರಿನ ಅಂಚಿನವರೆಗೆ ಹಬ್ಬಿರುವ ಸಂರಕ್ಷಿತ ಅರಣ್ಯ. ವಿಸ್ತೀರ್ಣ ಸುಮಾರು 643 ಚದರ ಕಿ.ಮೀ. ಕಾಡಿನ ನಡುವೆ ಹರಿಯುವ ನಾಗರಹೊಳೆ ಎಂಬ ತೊರೆಯಿಂದ ಇದಕ್ಕೆ ಈ ಹೆಸರು ಬಂದಿದೆ. ಹಾವಿನ ಹಾಗೆ ಬಳುಕಿ ಹರಿಯುವುದರಿಂದ ತೊರೆಗೆ ಆ ಹೆಸರು ಎನ್ನುತ್ತಾರೆ. 1992ರಲ್ಲಿ ರಾಜೀವ್ ಗಾಂಧಿ ರಾಷ್ಟ್ರೀಯ ಉದ್ಯಾನ ಎಂದು ನಾಮಕರಣವಾಯಿತು. ಆದರೆ ಹುಣಸೂರು, ಹೆಗ್ಗಡದೇವನಕೋಟೆ, ಕುಟ್ಟದ ಕಡೆಯವರ ಬಾಯಲ್ಲಿ ಇಂದಿಗೂ ಅದು ನಾಗರಹೊಳೆಯೇ.

ಮನುಷ್ಯನ ಕೈ ಸೋಕದ ಕಾಡು ಎಂದು ಇದನ್ನು ಬಣ್ಣಿಸುವುದುಂಟು. ಆ ಮಾತು ನಿಜವಲ್ಲ. ಇಲ್ಲಿ ಆನೆ ಹಿಡಿದಿದ್ದಾರೆ, ಬೀಟೆ ಕಡಿದಿದ್ದಾರೆ, ತೇಗ ನೆಟ್ಟಿದ್ದಾರೆ, ತಗ್ಗಿನಲ್ಲಿ ಗದ್ದೆ ಮಾಡಿದ್ದಾರೆ, ಹೊಳೆಗೆ ಅಣೆಕಟ್ಟು ಕಟ್ಟಿ ಕಣಿವೆಯನ್ನೇ ಮುಳುಗಿಸಿದ್ದಾರೆ. ಇಷ್ಟೆಲ್ಲ ಕಂಡ ಕಾಡು ಅರ್ಧ ಶತಮಾನದ ಕಾವಲಿನಲ್ಲಿ ಮತ್ತೆ ತುಂಬಿಕೊಂಡಿತು. ಇಂದು ಪ್ರವಾಸಿ ಇಲ್ಲಿ ಕಾಣುವ ಹುಲಿ, ಆನೆ, ಹಕ್ಕಿಗಳ ಸಂಪತ್ತಿನ ಹಿಂದೆ ಈ ಹಳೆಯ ಗುರುತುಗಳೂ ಇವೆ, ಆ ಕಾವಲೂ ಇದೆ. ಇವೆರಡನ್ನೂ ಅರಿತು ಹೋದವರಿಗೆ ನಾಗರಹೊಳೆ ಹೆಚ್ಚು ಕಾಣಿಸುತ್ತದೆ.

ನೆಲ, ನೀರು, ಹಡ್ಲು

ಉದ್ಯಾನದ ಪಶ್ಚಿಮಕ್ಕೆ ಕೊಡಗಿನ ಕಾಫಿ ತೋಟಗಳು, ಉತ್ತರ ಮತ್ತು ಪೂರ್ವಕ್ಕೆ ಹುಣಸೂರು, ಹೆಗ್ಗಡದೇವನಕೋಟೆ ತಾಲ್ಲೂಕುಗಳ ಹೊಲಗಳು, ದಕ್ಷಿಣಕ್ಕೆ ಕೇರಳದ ವಯನಾಡು. ಆಗ್ನೇಯದಲ್ಲಿ ಕಬಿನಿ ಜಲಾಶಯ. ಅದರಾಚೆ ಬಂಡೀಪುರ, ಅಲ್ಲಿಂದ ಮುಂದೆ ತಮಿಳುನಾಡಿನ ಮುದುಮಲೈ. ಮೂರು ರಾಜ್ಯಗಳ ಈ ಕಾಡುಗಳು ಒಂದಕ್ಕೊಂದು ತಾಗಿಕೊಂಡಿವೆ. ಆನೆಗಾಗಲಿ ಹುಲಿಗಾಗಲಿ ರಾಜ್ಯದ ಗಡಿ ಗೊತ್ತಿಲ್ಲ, ಆದ್ದರಿಂದ ನಾಗರಹೊಳೆಯನ್ನು ಒಂಟಿಯಾಗಿ ನೋಡುವುದು ತಪ್ಪಾಗುತ್ತದೆ. 1986ರಲ್ಲಿ ರೂಪುಗೊಂಡ ನೀಲಗಿರಿ ಜೀವಗೋಲ ಮೀಸಲು ಪ್ರದೇಶದಲ್ಲಿ ಈ ಕಾಡೂ ಸೇರಿದೆ.

ನೆಲ ಹೆಚ್ಚು ಏರುಪೇರಿನದಲ್ಲ. ಸಮುದ್ರಮಟ್ಟದಿಂದ ಸುಮಾರು 700ರಿಂದ 960 ಮೀಟರ್ ಎತ್ತರದ ನಡುವೆ ಸಣ್ಣ ಗುಡ್ಡಗಳು, ಅಗಲವಾದ ತಗ್ಗುಗಳು. ಕೊಡಗಿನ ಮಗ್ಗುಲಲ್ಲಿ ವರ್ಷಕ್ಕೆ 1500 ಮಿ.ಮೀ. ಹತ್ತಿರ ಮಳೆಯಾದರೆ ಪೂರ್ವದ ಅಂಚಿಗೆ ಬರುವಷ್ಟರಲ್ಲಿ ಅದು 900 ಮಿ.ಮೀ.ಗೆ ಇಳಿಯುತ್ತದೆ. ಹುಣಸೂರಿನ ಕಡೆಯಿಂದ ಕುಟ್ಟದ ಕಡೆಗೆ ಸಾಗುವ ದಾರಿಯಲ್ಲಿ ಕುರುಚಲು ಕಾಡು ಕ್ರಮೇಣ ಎತ್ತರವಾಗಿ, ತಂಪಾಗಿ, ದಟ್ಟವಾಗುವುದು ಬರಿಗಣ್ಣಿಗೇ ಗೊತ್ತಾಗುತ್ತದೆ. ಬ್ರಹ್ಮಗಿರಿಯಲ್ಲಿ ಹುಟ್ಟಿದ ಲಕ್ಷ್ಮಣತೀರ್ಥ, ಸಾರತಿ ಹೊಳೆ, ನಾಗರಹೊಳೆ ಹಾಗೂ ಹಲವಾರು ಹಳ್ಳಗಳು ಈ ನೆಲಕ್ಕೆ ನೀರುಣಿಸುತ್ತವೆ.

ಈ ಕಾಡಿನ ಗುಟ್ಟು ಮಾತ್ರ ಹಡ್ಲುಗಳಲ್ಲಿದೆ. ಮರಗಳ ನಡುವಿನ ತಗ್ಗಿನಲ್ಲಿ ಜೌಗು ಮಣ್ಣಿನ ಹುಲ್ಲುಬಯಲಿಗೆ ಇಲ್ಲಿನವರು ಹಡ್ಲು ಎನ್ನುತ್ತಾರೆ. ಮಣ್ಣು ಜಿಗುಟು, ಬೇಸಿಗೆಯಲ್ಲೂ ಅದರ ತೇವ ಪೂರಾ ಆರುವುದಿಲ್ಲ. ಇಂಥ ನೆಲದಲ್ಲಿ ಮರ ಊರಿಕೊಳ್ಳುವುದಿಲ್ಲ, ಹುಲ್ಲು ಮಾತ್ರ ಬಿಡದೆ ಬೆಳೆಯುತ್ತದೆ. ಕೆಲವು ಹಡ್ಲುಗಳಲ್ಲಿ ಹಿಂದೆ ಹಾಡಿಯ, ಅಂದರೆ ಕಾಡೊಳಗಿನ ಬುಡಕಟ್ಟು ಹಳ್ಳಿಯ, ಜನ ಭತ್ತ ಬೆಳೆಯುತ್ತಿದ್ದರು. ಸುತ್ತ ಕಾಡೆಲ್ಲ ಎಲೆಯುದುರಿಸಿ ಬೋಳಾದ ಫೆಬ್ರವರಿ, ಮಾರ್ಚಿನಲ್ಲೂ ಹಡ್ಲಿನಲ್ಲಿ ಹಸುರು ಮೇವು ಸಿಗುತ್ತದೆ. ಮುಂಜಾನೆ ಮಂಜು ಇನ್ನೂ ನೆಲ ಬಿಟ್ಟಿರುವುದಿಲ್ಲ. ಆ ಬಿಳುಪಿನಲ್ಲಿ ಮೊದಲು ಕಾಣುವುದು ಜಿಂಕೆಗಳ ಬೆನ್ನು, ಆಮೇಲೆ ಅಂಚಿನ ಮರದಡಿ ಕರ್ರಗೆ ನಿಂತ ಕಾಟಿಯ ಭುಜ, ಅದರ ಮೊಣಕಾಲಿನಿಂದ ಕೆಳಗಿನ ಬಿಳಿ ಕಾಲುಚೀಲ. ಬಿಸಿಲು ತಾಗುತ್ತಿದ್ದಂತೆ ಅವು ಒಂದೊಂದಾಗಿ ನೆರಳಿಗೆ ಸರಿಯುತ್ತವೆ. ಅರ್ಧ ಗಂಟೆಯಲ್ಲಿ ಬಯಲು ಬರಿದಾಗಿ, ಕೆಸರಿನಲ್ಲಿ ಗೊರಸಿನ ಗುರುತು ಮಾತ್ರ ಉಳಿದಿರುತ್ತದೆ.

ಮರಗಳು

ತೇಗ, ಬೀಟೆ, ಹೊನ್ನೆ, ಮತ್ತಿ, ಹುಣಾಲು, ದಿಂಡಿಗ, ನಂದಿ: ಮಲೆನಾಡಿನ ಅಂಚಿನ ಎಲೆಯುದುರುವ ಕಾಡಿನ ಹೆಮ್ಮರಗಳೆಲ್ಲ ಇಲ್ಲಿವೆ. ನಂದಿ ಮರದ ನುಣುಪಾದ ಬಿಳಿಚು ಕಾಂಡ ಮತ್ತು ಮತ್ತಿ ಮರದ ಮೊಸಳೆಚರ್ಮದಂಥ ಬಿರುಕು ತೊಗಟೆ, ಈ ಎರಡನ್ನು ಕಲಿತುಕೊಂಡರೆ ಹೊಸಬರಿಗೂ ಅರ್ಧ ಕಾಡು ಪರಿಚಯವಾದಂತೆ. ಕೆಳಗಿನ ಹಂತದಲ್ಲಿ ನೆಲ್ಲಿ, ಕಕ್ಕೆ, ಮುತ್ತುಗ. ಹೊಳೆಯ ದಂಡೆಗುಂಟ ಅತ್ತಿ, ಗೋಣಿ, ಹೊಂಗೆ. ಅಲ್ಲಲ್ಲಿ ಕಾಣುವ, ಸಾಲು ಹಿಡಿದು ನಿಂತ ಒಂದೇ ವಯಸ್ಸಿನ ತೇಗದ ಮರಗಳು ಕಾಡು ತಾನಾಗಿ ಬೆಳೆಸಿದವಲ್ಲ; ಮರಮಟ್ಟಿಗಾಗಿ ಹಿಂದಿನ ಅರಣ್ಯಾಧಿಕಾರಿಗಳು ನೆಡಿಸಿದ ತೋಪುಗಳು.

ಬಿದಿರು 2010ರ ದಶಕದ ಆರಂಭದಲ್ಲಿ ಒಟ್ಟಿಗೆ ಹೂಬಿಟ್ಟು ಒಣಗಿತು. ಬಿದಿರು ಆನೆಗೆ ಮುಖ್ಯ ಮೇವು. ಒಣಗಿದ ಮೆಳೆ ಬೆಂಕಿಗೆ ಸೌದೆ. ಬಿದ್ದ ಬೀಜದಿಂದ ಎದ್ದ ಹೊಸ ಮೆಳೆಗಳು ಈಗ ಮತ್ತೆ ಎತ್ತರವಾಗುತ್ತಿವೆ. ಅದಕ್ಕಿಂತ ದೊಡ್ಡ ಚಿಂತೆ ಲಂಟಾನದ್ದು. ಅಲಂಕಾರಕ್ಕೆಂದು ಅಮೆರಿಕ ಖಂಡದಿಂದ ದೇಶಕ್ಕೆ ಬಂದ ಈ ಮುಳ್ಳುಪೊದೆ ಹುಲ್ಲನ್ನು ಮೇಲೇಳಗೊಡುವುದಿಲ್ಲ. ಹುಲ್ಲು ಹೋದರೆ ಜಿಂಕೆ, ಕಾಟಿಗಳ ಮೇವು ಹೋಯಿತು. ಅದನ್ನು ಬೇರುಸಹಿತ ಕೀಳುವ ಕೆಲಸ ನಡೆಯುತ್ತಲೇ ಇದೆ. ಒಂದು ಮಳೆಗಾಲ ಬಿಟ್ಟರೆ ಮತ್ತೆ ಅಲ್ಲೇ ಚಿಗುರುವುದರಿಂದ ವರ್ಷ ವರ್ಷವೂ ಬೆನ್ನುಹತ್ತಬೇಕಾದ ಕೆಲಸ ಅದು.

ಹಕ್ಕಿಗಳು

250ಕ್ಕೂ ಹೆಚ್ಚು ಬಗೆಯ ಹಕ್ಕಿಗಳನ್ನು ಇಲ್ಲಿ ಗುರುತಿಸಲಾಗಿದೆ. ಪಶ್ಚಿಮ ಘಟ್ಟದ ಹಕ್ಕಿಗಳೂ ಬಯಲುಸೀಮೆಯ ಹಕ್ಕಿಗಳೂ ಒಂದೇ ಕಡೆ ಸಿಗುವುದು ಮಳೆಯ ಆ ಏರಿಳಿತದ ಫಲ. ಕುಟ್ಟದ ಕಡೆಯ ತಂಪುಕಾಡಿನಲ್ಲಿ ಮಲಬಾರ್ ಬೂದು ಮಂಗಟ್ಟೆ, ನೀಲಿ ರೆಕ್ಕೆಯ ಮಲಬಾರ್ ಗಿಳಿ, ಎದೆಯಲ್ಲಿ ಕೆಂಪು ಹೊತ್ತು ಅಲುಗಾಡದೆ ಕೂರುವ ಮಲಬಾರ್ ಟ್ರೋಗನ್ ಸಿಕ್ಕರೆ, ಒಣ ಅಂಚಿನಲ್ಲಿ ನವಿಲು, ಕಾಡುಕೋಳಿ, ಗೌಜಲಹಕ್ಕಿಗಳ ಸದ್ದು.

ಮರಕುಟಿಗಗಳಿಗೆ ನಾಗರಹೊಳೆ ತವರಿದ್ದಂತೆ. ಕರಿಮೈ, ಬಿಳಿಹೊಟ್ಟೆಯ, ಕಾಗೆಯಷ್ಟು ದೊಡ್ಡದಾದ ಮರಕುಟಿಗವೊಂದು ಇಲ್ಲಿದೆ. ಒಣಗಿ ನಿಂತ ದೊಡ್ಡ ಮರದ ಕಾಂಡಕ್ಕೆ ಅದು ಕೊಕ್ಕು ಕುಟ್ಟುವ ಸದ್ದು ಕಾಡಿನಲ್ಲಿ ಬಹುದೂರ ಕೇಳಿಸುತ್ತದೆ. ಸತ್ತ ಮರಗಳನ್ನು ಸೌದೆಗೆಂದು ಎತ್ತಿ ಸಾಗಿಸಿದ ಕಾಡುಗಳಲ್ಲಿ ಈ ಹಕ್ಕಿಗೆ ನೆಲೆ ಸಿಗುವುದಿಲ್ಲ. ಸತ್ತ ಮರವನ್ನು ಅದರ ಪಾಡಿಗೆ ನಿಲ್ಲಗೊಟ್ಟರೆ ಮಾತ್ರ ಇದು ಬದುಕೀತು. ಅದು ಕೊರೆದು ಬಿಟ್ಟ ಪೊಟರೆಗಳಲ್ಲಿ ಮುಂದೆ ಗಿಳಿ, ಮೈನಾ, ಗೂಬೆಗಳು ಸಂಸಾರ ಹೂಡುತ್ತವೆ.

ಮಂಗಟ್ಟೆಯ ಬಾಳಿಗೂ ದೊಡ್ಡ ಮರವೇ ಆಧಾರ. ಹೆಣ್ಣು ಪೊಟರೆಯೊಳಗೆ ಹೊಕ್ಕು, ಕೊಕ್ಕು ತೂರುವಷ್ಟು ಸೀಳು ಬಿಟ್ಟು ಬಾಯಿಯನ್ನು ಮುಚ್ಚಿಕೊಳ್ಳುತ್ತದೆ. ಮೊಟ್ಟೆಯಿಟ್ಟು ಕಾವು ಕೊಟ್ಟು ಮರಿ ಬೆಳೆಯುವವರೆಗೆ ಒಳಗಿನವಕ್ಕೆಲ್ಲ ಗಂಡೇ ಹಣ್ಣು ತಂದು ಉಣಿಸಬೇಕು. ಗಂಡು ಬಾರದೆ ಹೋದರೆ ಆ ಸಂಸಾರವೇ ಅಪಾಯಕ್ಕೆ ಬೀಳುತ್ತದೆ. ಅತ್ತಿ, ಗೋಣಿ, ಬಸರಿಯ ಹಣ್ಣು ತಿಂದು ಇವು ಉದುರಿಸುವ ಬೀಜದಿಂದ ಹೊಸ ಮರಗಳು ಹುಟ್ಟುತ್ತವೆ.

ಹಕ್ಕಿ ನೋಡಲು ಹೊಸದಾಗಿ ಬಂದವರು ಬೂರುಗದ ಮರವೊಂದನ್ನು ಹುಡುಕಿಕೊಳ್ಳುವುದು ಒಳ್ಳೆಯದು. ಜನವರಿ ಕೊನೆಯಿಂದ ಎಲೆಯಿಲ್ಲದ ಕೊಂಬೆಗಳ ತುಂಬ ಅದು ಅಂಗೈಯಗಲದ ಕೆಂಪು ಹೂ ಬಿಡುತ್ತದೆ. ಬೆಳಿಗ್ಗೆ ಏಳು ಗಂಟೆಗೆ ಆ ಮರ ಸಂತೆಯಂತೆ ಇರುತ್ತದೆ. ಭೀಮರಾಜ ತನ್ನ ಎರಡು ಬಾಲತಂತಿಗಳನ್ನು ಬೀಸುತ್ತ ಮಿಕ್ಕವರನ್ನು ಅಟ್ಟುತ್ತದೆ. ಬೆಟ್ಟದ ಮೈನಾಗಳು ಹೂವಿನ ಬಟ್ಟಲಿಗೆ ತಲೆಯಿಟ್ಟು, ಹಣೆಯ ತುಂಬ ಹಳದಿ ಪರಾಗ ಬಳಿದುಕೊಂಡು ಏಳುತ್ತವೆ. ಕೆಂಚಳಿಲು ಹೂವನ್ನು ಬುಡಸಮೇತ ಕಚ್ಚಿ ಅರ್ಧ ತಿಂದು ಕೆಡವುತ್ತದೆ, ಕೆಳಗೆ ಕಾದ ಜಿಂಕೆಗಳು ಬಿದ್ದದ್ದನ್ನು ಮೆಲ್ಲುತ್ತವೆ. ಒಂದು ಮರದ ಕೆಳಗೆ ಒಂದು ಗಂಟೆ ನಿಂತರೆ ಕಾಡಿನ ವ್ಯವಹಾರದ ಬಹುಪಾಲು ಕಣ್ಣೆದುರೇ ನಡೆಯುತ್ತದೆ. ಸಫಾರಿಯ ವಾಹನಗಳು ಇಂಥ ಮರದ ಬಳಿ ನಿಲ್ಲುವುದು ಅಪರೂಪ. ನಿಲ್ಲಿಸಿ ಎಂದು ಕೇಳುವ ಪ್ರವಾಸಿಗಳು ಹೆಚ್ಚಬೇಕು.

ಹಿನ್ನೀರಿನ ಹಕ್ಕಿಗಳದು ಬೇರೆಯೇ ಲೋಕ. ಜಲಾಶಯ ತುಂಬಿದಾಗ ಮುಳುಗಿ ಸತ್ತ ಮರಗಳ ಬೊಡ್ಡೆಗಳು ಐದು ದಶಕಗಳಾದರೂ ನೀರಿನ ನಡುವೆ ನಿಂತಿವೆ. ನೀರುಕಾಗೆ, ಹಾವಕ್ಕಿಗಳು ಅವುಗಳ ತುದಿಯಲ್ಲಿ ರೆಕ್ಕೆ ಹರಡಿ ಒಣಗಿಸುತ್ತವೆ. ಚಳಿಗಾಲದಲ್ಲಿ ಉತ್ತರದಿಂದ ಬರುವ ಮೀನುಡೇಗೆ ಅಲ್ಲೇ ಕೂತು, ಹಿಡಿದ ಮೀನನ್ನು ಉಗುರಲ್ಲಿ ಒತ್ತಿ ಹರಿದು ತಿನ್ನುತ್ತದೆ. ಹೊಳೆ ರೀವಗಳು, ಕಪ್ಪು ಬಿಳುಪು ಮಿಂಚುಳ್ಳಿ, ಉಣ್ಣೆ ಕೊರಳಿನ ಕೊಕ್ಕರೆಗಳೂ ಇಲ್ಲಿ ಕಾಣುತ್ತವೆ. ರಣಹದ್ದುಗಳ ಮಾತು ಮಾತ್ರ ಸಂಕಟದ್ದು. ದನಗಳಿಗೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಎಂಬ ನೋವುನಿವಾರಕ, ಸತ್ತ ದನದ ಮಾಂಸದ ಮೂಲಕ ಸೇರಿ ದೇಶದ ರಣಹದ್ದುಗಳನ್ನು ಬಹುಮಟ್ಟಿಗೆ ಅಳಿಸಿಹಾಕಿತು. 2006ರಲ್ಲಿ ಪಶುಚಿಕಿತ್ಸೆಯಲ್ಲಿ ಅದರ ಬಳಕೆ ನಿಷೇಧವಾಯಿತು. ಅಳಿವಿನಂಚಿನ ಬಿಳಿಬೆನ್ನಿನ ಮತ್ತು ಕೆಂದಲೆ ರಣಹದ್ದುಗಳು ಉಳಿದಿರುವ ಕೆಲವೇ ನೆಲೆಗಳಲ್ಲಿ ನಾಗರಹೊಳೆ, ಬಂಡೀಪುರ, ವಯನಾಡುಗಳ ಈ ಕಾಡೂ ಒಂದು.

ಹುಲಿ, ಚಿರತೆ, ಕೆನ್ನಾಯಿ, ಆನೆ

ಒಂದೇ ಕಾಡಿನಲ್ಲಿ ಮೂರು ದೊಡ್ಡ ಬೇಟೆಗಾರ ಪ್ರಾಣಿಗಳು ಹೇಗೆ ಬದುಕುತ್ತವೆ ಎಂಬ ಪ್ರಶ್ನೆಗೆ ಜಗತ್ತು ಉತ್ತರ ಕಂಡುಕೊಂಡದ್ದರಲ್ಲಿ ನಾಗರಹೊಳೆಯ ಪಾಲು ದೊಡ್ಡದು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಿಂದ ಇಲ್ಲಿ ಅಧ್ಯಯನ ನಡೆಸಿದರು. 1990ರಲ್ಲಿ ಹುಲಿಗಳಿಗೆ ರೇಡಿಯೊ ಕೊರಳಪಟ್ಟಿ ತೊಡಿಸಿ ಅವುಗಳ ಓಡಾಟ ಗುರುತಿಸತೊಡಗಿದರು. ಹಿಕ್ಕೆ ಮತ್ತು ಬೇಟೆಯ ಅವಶೇಷಗಳನ್ನು ಪರೀಕ್ಷಿಸಿ ಅವರು ಮತ್ತು ಮೆಲ್ವಿನ್ ಸನ್‌ಕ್ವಿಸ್ಟ್ 1995ರಲ್ಲಿ ಪ್ರಕಟಿಸಿದ ಲೇಖನದ ಪ್ರಕಾರ ಹುಲಿಯ ಬೇಟೆಯ ಸರಾಸರಿ ತೂಕ ಸುಮಾರು 91 ಕಿಲೋ, ಕೆನ್ನಾಯಿಯದು 43, ಚಿರತೆಯದು 38. ಕಾಟಿ, ಕಡವೆಯಂಥ ಭಾರಿ ಪ್ರಾಣಿ ಹುಲಿಗೆ. ಜಿಂಕೆಯ ಗಾತ್ರದ್ದು ಮಿಕ್ಕ ಎರಡಕ್ಕೆ. ಮೇಯುವ ಪ್ರಾಣಿಗಳು ಎಲ್ಲ ಗಾತ್ರದಲ್ಲೂ ಸಮೃದ್ಧವಾಗಿದ್ದರೆ ಮೂರಕ್ಕೂ ಊಟ ಒದಗುತ್ತದೆ. ಮತ್ತೆ ಮಾತು ಹಡ್ಲಿಗೇ ಬಂದು ನಿಲ್ಲುತ್ತದೆ.

ಹುಲಿಯ ಪಟ್ಟೆ ನಮ್ಮ ಬೆರಳಚ್ಚಿನ ಹಾಗೆ, ಒಂದರಂತೆ ಇನ್ನೊಂದಿಲ್ಲ. ಒಂದೇ ಹುಲಿಯ ಎಡಮಗ್ಗುಲಿನ ಪಟ್ಟೆ ಬಲಮಗ್ಗುಲಿಗೆ ಹೊಂದುವುದಿಲ್ಲ. ಆದ್ದರಿಂದ ಕಾಡುದಾರಿಯ ಎರಡೂ ಬದಿ ಎದುರುಬದುರಾಗಿ ಸ್ವಯಂಚಾಲಿತ ಕ್ಯಾಮೆರಾ ಕಟ್ಟಿ, ಸಿಕ್ಕ ಚಿತ್ರಗಳಿಂದ ಸಂಖ್ಯೆಯನ್ನು ಅಂದಾಜು ಮಾಡುವ ಕ್ರಮವನ್ನು ಕಾರಂತರ ತಂಡ 1990ರ ದಶಕದಲ್ಲಿ ಇಲ್ಲಿ ಬೆಳೆಸಿತು. ಹೆಜ್ಜೆಗುರುತು ಎಣಿಸುವ ಹಳೆಯ ಪದ್ಧತಿಯ ಜಾಗಕ್ಕೆ ಇದು ಮುಂದೆ ದೇಶದ ಹುಲಿಗಣತಿಯಲ್ಲೂ ಬಂತು. 2022ರ ಗಣತಿಯಂತೆ ನಾಗರಹೊಳೆ ಹುಲಿ ಸಂರಕ್ಷಿತ ಪ್ರದೇಶದಲ್ಲಿ 141 ಹುಲಿಗಳಿವೆ; ಕಾರ್ಬೆಟ್, ಬಂಡೀಪುರಗಳ ನಂತರ ದೇಶದಲ್ಲಿ ಮೂರನೆಯ ಸ್ಥಾನ.

ಕಬಿನಿಯ ಕಡೆ ಆಗಾಗ ಕಾಣಿಸಿಕೊಂಡು ಹೆಸರಾದ ಕರಿಚಿರತೆ ಬೇರೆ ಜಾತಿಯ ಪ್ರಾಣಿಯಲ್ಲ. ತಂದೆತಾಯಿ ಇಬ್ಬರಿಂದಲೂ ಕಪ್ಪು ಬಣ್ಣದ ಗುಣ ಬಂದ ಸಾಮಾನ್ಯ ಚಿರತೆಯೇ ಅದು. ಓರೆಬಿಸಿಲು ಬಿದ್ದಾಗ ಕಪ್ಪಿನೊಳಗೆ ಚಿರತೆಯ ಹೂಚುಕ್ಕೆಗಳು ತೇಲಿದಂತೆ ಕಾಣುತ್ತವೆ.

ಆನೆಯ ವಿಷಯದಲ್ಲಿ ನಾಗರಹೊಳೆಗೆ ಸಾಟಿಯಾದ ತಾಣಗಳು ಏಷ್ಯಾದಲ್ಲೇ ಕಡಿಮೆ. 2023ರ ಗಣತಿಯಲ್ಲಿ ಇಲ್ಲಿ 831 ಆನೆಗಳೆಂದು ಅಂದಾಜಾಯಿತು. ಬೇಸಿಗೆಯಲ್ಲಿ ಕಬಿನಿಯ ನೀರು ಹಿಂದಕ್ಕೆ ಸರಿದಂತೆಲ್ಲ ಬಿಟ್ಟ ನೆಲದಲ್ಲಿ ಎಳೆ ಹುಲ್ಲು ಏಳುತ್ತದೆ. ಮಾರ್ಚಿನಿಂದ ಮುಂಗಾರು ಹಿಡಿಯುವವರೆಗೆ ಸುತ್ತಲಿನ ಕಾಡುಗಳಿಂದ ಹಿಂಡು ಹಿಂಡು ಆನೆಗಳು ಈ ಹಸುರಿಗೆ ಇಳಿಯುತ್ತವೆ. ಆನೆ ಹುಲ್ಲನ್ನು ಸುಮ್ಮನೆ ಕಿತ್ತು ಬಾಯಿಗಿಡುವುದಿಲ್ಲ. ಸೊಂಡಿಲಿನಲ್ಲಿ ಸುತ್ತಿ ಹಿಡಿದು, ಮುಂಗಾಲಿನಿಂದ ಬುಡ ಒದ್ದು, ಕಾಲಿಗೆ ಬಡಿದು ಮಣ್ಣು ಕೊಡವಿ ಆಮೇಲೆ ತಿನ್ನುತ್ತದೆ. ಪಕ್ಕದ ಮರಿ ಅದನ್ನೇ ಅನುಕರಿಸಲು ಹೋಗಿ, ಸೊಂಡಿಲಿಗೆ ಸಿಕ್ಕಿದ್ದು ಜಾರಿ, ಮತ್ತೆ ಹುಡುಕಿ, ಕೊನೆಗೆ ತಾಯಿಯ ಬಾಯಿಂದಲೇ ಎಳೆದುಕೊಳ್ಳುತ್ತದೆ.

ಖೆಡ್ಡಾದಿಂದ ಕಾವಲಿಗೆ

ಕಬಿನಿಯ ದಂಡೆಯ ಕಾಕನಕೋಟೆ ಕಾಡು ಕಾಡಾನೆ ಹಿಡಿಯಲು ಮೈಸೂರು ಅರಸರ ಕಾಲದಲ್ಲಿ ನಡೆಸುತ್ತಿದ್ದ ಖೆಡ್ಡಾಗಳಿಂದ ಹೆಸರಾದದ್ದು. 1870ರ ದಶಕದಲ್ಲಿ ಮೈಸೂರು ಸಂಸ್ಥಾನದಲ್ಲಿ ಬ್ರಿಟಿಷ್ ಅಧಿಕಾರಿ ಜಿ.ಪಿ. ಸ್ಯಾಂಡರ್ಸನ್ ಖೆಡ್ಡಾ ಪದ್ಧತಿಯನ್ನು ಯಶಸ್ವಿಯಾಗಿ ನಡೆಸಿ ತೋರಿಸಿದ ಮೇಲೆ ಅದು ಕಾಕನಕೋಟೆಯಲ್ಲಿ ಬೇರೂರಿತು. ಸಾವಿರಾರು ಜನ ತಮಟೆ, ಪಂಜು ಹಿಡಿದು ಕಾಡಾನೆಗಳ ಹಿಂಡನ್ನು ಹೊಳೆಗೆ ಇಳಿಸಿ, ಎದುರು ದಡದ ಮರದ ದಿಮ್ಮಿಗಳ ಬೇಲಿಯೊಳಗೆ ನುಗ್ಗಿಸುತ್ತಿದ್ದರು. ದೇಶವಿದೇಶದ ಅತಿಥಿಗಳಿಗೆ ಅದು ನೋಟದ ಹಬ್ಬ. ಆನೆಗಳ ಪಾಲಿಗೆ ತಾಯಿ ಮರಿಗಳನ್ನು ಅಗಲಿಸುವ, ಗಾಯ ಮತ್ತು ಸಾವು ತರುವ ಹಿಂಸೆ. ಕೊನೆಯ ಖೆಡ್ಡಾ 1971ರಲ್ಲಿ ನಡೆಯಿತು; ಮರುವರ್ಷ ವನ್ಯಜೀವಿ ಸಂರಕ್ಷಣಾ ಕಾಯಿದೆ ಬಂತು. ಖೆಡ್ಡಾ ನಡೆದ ಜಾಗದ ಬಹುಭಾಗ ಇಂದು ಹಿನ್ನೀರಿನಡಿ ಇದೆ. ಮಾಸ್ತಿಯವರ ‘ಕಾಕನಕೋಟೆ’ ನಾಟಕ ಮತ್ತು ಅದನ್ನು ಆಧರಿಸಿ ಸಿ.ಆರ್. ಸಿಂಹ ನಿರ್ದೇಶಿಸಿದ ಚಲನಚಿತ್ರದಿಂದ ಈ ಕಾಡಿನ ಹೆಸರು ಕನ್ನಡಿಗರ ಮನೆಮನೆಗೂ ಮುಟ್ಟಿತು.

ಕೊಡಗಿನ ಭಾಗದ ಕಾಡು 1955ರಲ್ಲಿ ವನ್ಯಜೀವಿಧಾಮವಾಯಿತು. ಮೈಸೂರು ಜಿಲ್ಲೆಯ ಕಾಡುಗಳನ್ನು ಸೇರಿಸಿಕೊಂಡು 1988ರಲ್ಲಿ ರಾಷ್ಟ್ರೀಯ ಉದ್ಯಾನವಾಗಿ ಘೋಷಣೆಯಾಯಿತು. 1999ರಲ್ಲಿ ಹುಲಿ ಯೋಜನೆಯ ವ್ಯಾಪ್ತಿಗೆ ಬಂತು. ಕಾಗದದ ಮೇಲಿನ ಈ ಘೋಷಣೆಗಳು ನೆಲದ ಮೇಲೆ ಬೆಲೆ ಪಡೆದದ್ದು ಕಾವಲುಗಾರರಿಂದ. 1960ರ ದಶಕದ ಕೊನೆಯಿಂದ ಎರಡೂವರೆ ದಶಕ ಇಲ್ಲಿ ದುಡಿದ ಅರಣ್ಯಾಧಿಕಾರಿ ಕೆ.ಎಂ. ಚಿಣ್ಣಪ್ಪನವರನ್ನು (ನಿಧನ 2024) ಈ ಕಾಡಿನ ಚರಿತ್ರೆಯಿಂದ ಬೇರ್ಪಡಿಸಲಾಗದು. ಕಳ್ಳಬೇಟೆ ಮತ್ತು ಮರಗಳ್ಳತನವನ್ನು ಎದುರಿಸಿ ನಿಂತ ಅವರಿಗೆ ಬೆದರಿಕೆ, ಆಪಾದನೆಗಳ ಕಾಟ ತಪ್ಪಲಿಲ್ಲ. ಇಂದಿಗೂ ಮಳೆಯಲ್ಲಿ ಜಿಗಣೆ ಕಚ್ಚಿಸಿಕೊಂಡು, ಬೇಸಿಗೆಯಲ್ಲಿ ಬೆಂಕಿರೇಖೆ ಸವರುತ್ತ, ಕಳ್ಳಬೇಟೆ ತಡೆ ಶಿಬಿರಗಳಲ್ಲಿ ಕಾಲ ಕಳೆಯುವ ಕೆಳಹಂತದ ನೌಕರರೇ ಈ ಉದ್ಯಾನದ ಬೆನ್ನೆಲುಬು. ಅವರಲ್ಲಿ ಅನೇಕರು ಕಾಡಿನ ಹಾಡಿಗಳಲ್ಲೇ ಹುಟ್ಟಿದವರು.

ಹಾಡಿಯ ಜನ

ಜೇನುಕುರುಬರು, ಬೆಟ್ಟಕುರುಬರು, ಯರವರು ಈ ಕಾಡಿನ ಮೂಲನಿವಾಸಿಗಳು. ಇಲ್ಲಿನ ತಗ್ಗು, ಹಳ್ಳ, ಕೊಲ್ಲಿಗಳ ಹೆಸರುಗಳು ಅವರ ಬಾಯಲ್ಲಿ ಉಳಿದುಬಂದವು. 1974ರಲ್ಲಿ ಪೂರ್ಣಗೊಂಡ ಕಬಿನಿ ಅಣೆಕಟ್ಟಿನಿಂದಲೂ ಉದ್ಯಾನದ ನಿರ್ಮಾಣದಿಂದಲೂ ಅವರು ನೆಲೆ ಕಳೆದುಕೊಂಡರು. ಹೈಕೋರ್ಟಿನ ಆದೇಶದ ಮೇರೆಗೆ ರಚನೆಯಾಗಿ 2014ರಲ್ಲಿ ವರದಿ ಕೊಟ್ಟ ಪ್ರೊ. ಮುಜಾಫರ್ ಅಸ್ಸಾದಿ ನೇತೃತ್ವದ ಸಮಿತಿ, ಹೀಗೆ ಎತ್ತಂಗಡಿಯಾದ 3,418 ಕುಟುಂಬಗಳನ್ನು ಗುರುತಿಸಿತು. ಕಾಡಿನೊಳಗೆ ಖಾಸಗಿ ಹೋಟೆಲೊಂದು ತಲೆಯೆತ್ತಲು ಹೊರಟಾಗ ಈ ಜನ ಹೋರಾಡಿದರು. 1997ರಲ್ಲಿ ಕರ್ನಾಟಕ ಹೈಕೋರ್ಟು ಅದು ಕಾನೂನುಬಾಹಿರ ಎಂದು ತಡೆಯಿತು. ಕಾಡು ಉಳಿಸಿದವರ ಪಟ್ಟಿಯಲ್ಲಿ ಅವರ ಹೆಸರು ಬರೆಯದೆ ಬಿಡುವುದು ಅನ್ಯಾಯ.

1999ರಿಂದ ನಡೆದ ಸ್ವಯಂಪ್ರೇರಿತ ಪುನರ್ವಸತಿಯಲ್ಲಿ ನಾಗಾಪುರ ಮೊದಲಾದ ಕಡೆಗಳಿಗೆ ಹಲವು ಕುಟುಂಬಗಳು ಹೋದವು. ಕೆಲವರಿಗೆ ಶಾಲೆ, ಆಸ್ಪತ್ರೆ, ಹೊಲ ಹತ್ತಿರವಾದವು; ಕೆಲವರು ಕೂಲಿಗಾಗಿ ಕಾಫಿ ತೋಟಗಳ ಲೈನ್‌ಮನೆ ಸೇರಿದರು. 2006ರ ಅರಣ್ಯ ಹಕ್ಕು ಕಾಯಿದೆಯಡಿ ಸಲ್ಲಿಸಿದ ಅರ್ಜಿಗಳ ವಿವಾದ ಇನ್ನೂ ಮುಗಿದಿಲ್ಲ. 2025ರ ಮೇ ತಿಂಗಳಲ್ಲಿ ಕರಡಿಕಲ್ಲು ಅತ್ತೂರು ಕೊಲ್ಲಿಯ ತಮ್ಮ ಪೂರ್ವಿಕರ ಜಾಗಕ್ಕೆ ಜೇನುಕುರುಬ ಕುಟುಂಬಗಳು ಮರಳಿ ಬಂದು ಗುಡಿಸಲು ಹಾಕಿದವು.

ಕಾಡಂಚಿನ ರೈತರ ಕಷ್ಟವೂ ಚಿಕ್ಕದಲ್ಲ. ರಾಗಿ, ಜೋಳ, ಬಾಳೆ ಕೈಗೆ ಬರುವ ಹೊತ್ತಿಗೇ ಆನೆ ಬರುತ್ತದೆ. ಆನೆಕಂದಕ, ಸೌರಬೇಲಿಗಳ ಜೊತೆ ಹಳೆಯ ರೈಲುಕಂಬಿಗಳ ಬೇಲಿಯನ್ನೂ ಇಲ್ಲಿ ಹಾಕಲಾಗಿದೆ. ಬೇಲಿ ಎಲ್ಲಿ ಮುಗಿಯುತ್ತದೋ ಅಲ್ಲಿನ ಊರಿನವರಿಗೆ ಮಾತ್ರ ರಾತ್ರಿ ಅಟ್ಟಣೆ ಏರಿ ಕಾಯುವುದು ತಪ್ಪಿಲ್ಲ.

ನೋಡಲು ಹೋಗುವವರಿಗೆ

ಸಫಾರಿಗೆ ಮುಖ್ಯವಾಗಿ ಮೂರು ದಾರಿಗಳು: ಹುಣಸೂರಿನ ಕಡೆಯ ವೀರನಹೊಸಹಳ್ಳಿ, ಕೊಡಗಿನ ಕುಟ್ಟದ ಬಳಿಯ ನಾಣಚ್ಚಿ, ಕಬಿನಿಯ ಕಡೆಯ ದಮ್ಮನಕಟ್ಟೆ. ಹಕ್ಕಿ ಮತ್ತು ಮರಗಳಿಗಾಗಿ ಹೋಗುವವರಿಗೆ ನಾಣಚ್ಚಿಯ ಕಡೆ ಒಳ್ಳೆಯದು. ಆನೆ ಹಿಂಡು ನೋಡಬೇಕೆನ್ನುವವರು ಏಪ್ರಿಲ್, ಮೇ ತಿಂಗಳಲ್ಲಿ ದಮ್ಮನಕಟ್ಟೆಗೆ ಹೋಗಬೇಕು. ಕಾರಾಪುರದಲ್ಲಿ ಅರಸರ ಕಾಲದ ಬೇಟೆಬಂಗಲೆಯಿದ್ದ ಜಾಗದಲ್ಲಿ ಸರ್ಕಾರಿ ಸಂಸ್ಥೆಯಾದ ಜಂಗಲ್ ಲಾಡ್ಜಸ್ ವಸತಿಧಾಮವಿದೆ. ಹಿನ್ನೀರಿನಲ್ಲಿ ದೋಣಿ ಸಫಾರಿಯ ಅನುಕೂಲವೂ ಉಂಟು. ಸ್ವಂತ ವಾಹನದಲ್ಲಿ ಸಫಾರಿಗೆ ಬಿಡುವುದಿಲ್ಲ. ಸಮಯ ಮತ್ತು ಶುಲ್ಕ ಬದಲಾಗುತ್ತಿರುತ್ತವೆ, ಕಾಡಂಚಿನಲ್ಲಿ ಸಂಘರ್ಷ ಹೆಚ್ಚಾದಾಗ ಸಫಾರಿಯನ್ನೇ ನಿಲ್ಲಿಸಿದ್ದೂ ಇದೆ. ಅರಣ್ಯ ಇಲಾಖೆಯಲ್ಲಿ ವಿಚಾರಿಸಿಯೇ ಹೊರಡಬೇಕು.

ಮತ್ತಿಗೋಡು ಮತ್ತು ಬಳ್ಳೆಯ ಸಾಕಾನೆ ಶಿಬಿರಗಳೂ ಇಲ್ಲೇ ಇವೆ. ಮೈಸೂರು ದಸರೆಗೆ ಆನೆಗಳು ಹೊರಡುವ ಗಜಪಯಣ ವೀರನಹೊಸಹಳ್ಳಿಯಿಂದ ಶುರುವಾಗುತ್ತದೆ. 2012ರಿಂದ 2019ರವರೆಗೆ ಅಂಬಾರಿ ಹೊತ್ತ ಅರ್ಜುನ ಬಳ್ಳೆಯ ಆನೆ. 2023ರ ಡಿಸೆಂಬರಿನಲ್ಲಿ ಸಕಲೇಶಪುರದ ಯಸಳೂರಿನಲ್ಲಿ ಕಾಡಾನೆ ಸೆರೆ ಕಾರ್ಯಾಚರಣೆಯ ವೇಳೆ ಅದು ಕಾದಾಡಿ ಮಡಿದಾಗ ನಾಡೇ ಕಣ್ಣೀರಿಟ್ಟಿತು.

ಜೀಪಿನಲ್ಲಿ ಕೂತವರು ಹುಲಿ ಹುಡುಕುವ ಬದಲು ಕಿವಿ ತೆರೆದಿಟ್ಟುಕೊಳ್ಳುವುದು ಮೇಲು. ಮುಸುವ ಮರದ ತುದಿಯಲ್ಲಿ ಕೂತು ಒಂದೇ ದಿಕ್ಕಿಗೆ ಮುಖ ಮಾಡಿ ಕೆಮ್ಮಿದಂತೆ ಕೂಗಿದರೆ ಕೆಳಗಿನ ಜಿಂಕೆಗಳು ಬಾಲ ಎತ್ತಿ, ಮುಂಗಾಲಿನಿಂದ ನೆಲ ಬಡಿಯುತ್ತವೆ. ಜಿಂಕೆ ಒಮ್ಮೊಮ್ಮೆ ಸುಮ್ಮನೆ ಬೆದರಿಯೂ ಕೂಗುತ್ತದೆ. ಕಡವೆ ಬಿಡದೆ ಕೂಗಿದರೆ ಹತ್ತಿರದಲ್ಲಿ ಹುಲಿಯೋ ಚಿರತೆಯೋ ಇರುವುದು ಬಹುತೇಕ ಖಚಿತ ಎನ್ನುತ್ತಾರೆ ಕಾಡು ಬಲ್ಲವರು. ಆಗ ಎಂಜಿನ್ ಆರಿಸಿ ಕಾಯುವುದಷ್ಟೇ ಮಾಡಬೇಕಾದ್ದು.

ಉದ್ಯಾನದೊಳಗೆ ಹಾಯುವ ಮೈಸೂರು–ಮಾನಂದವಾಡಿ ರಸ್ತೆಯಲ್ಲಿ ಸಂಜೆ 6ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ಇಲ್ಲ. ಕೊನೆಯ ಬಸ್ಸು ದಾಟಿ ಗೇಟು ಬಿದ್ದ ಮೇಲೆ ಡಾಂಬರಿನಲ್ಲಿ ಹಗಲಿನ ಬಿಸಿ ಇನ್ನೂ ಇರುತ್ತದೆ. ಕತ್ತಲಾಗುತ್ತಿದ್ದಂತೆ ಜಿಂಕೆಗಳು ರಸ್ತೆಯಂಚಿನ ಹುಲ್ಲಿಗೆ ಬರುತ್ತವೆ. ಆನೆಗಳು ಮರಿಗಳನ್ನು ನಡುವೆ ಬಿಟ್ಟುಕೊಂಡು ಅದೇ ರಸ್ತೆ ದಾಟಿ, ಕಬಿನಿಯ ನೀರಿಗೆ ಇಳಿಯುತ್ತವೆ.